ತಪ್ಪಲಿನಿಂದ ಕಂಡ ಸರಕಾರ

ರಾಜ್ಯಭಾರದಲ್ಲಿ ಪಾಲ್ಗೊಂಡವರು ತಮ್ಮ ಕಾಲವನ್ನು ಕುರಿತು ಬರೆದಿಟ್ಟ ಗ್ರಂಥಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಅವುಗಳಲ್ಲಿ ಬಹುಪಾಲು ಶಿಖರವನ್ನು ಮುಟ್ಟಿದವರವು. ಮೈಸೂರು ಸೀಮೆಯ ಮಟ್ಟಿಗೆ ನೋಡಿದರೂ, ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿಯೂ ಸರ್ ಮಿರ್ಜಾ ಇಸ್ಮಾಯಿಲರು 1954ರಲ್ಲಿಯೂ ತಮ್ಮ ಕಾರ್ಯಕಾಲದ ಸ್ಮರಣೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಇಂತಹ ಗ್ರಂಥಗಳನ್ನು ಓದಿದವರಿಗೆ ಅಣೆಕಟ್ಟು ಎದ್ದ ಬಗೆ, ಕಾರ್ಖಾನೆ ಬಂದ ಬಗೆ, ಊರು ಅಂದಗೊಂಡ ಬಗೆ ತಿಳಿಯುವುದು. ಆದರೆ ಒಂದು ಕಾಗದವು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ನಡೆದುಹೋಗಲು ಎಷ್ಟು ದಿನ ಹಿಡಿಯುವುದು, ದಾರಿಯಲ್ಲಿ ಅದು ಎಲ್ಲೆಲ್ಲಿ ತಂಗುವುದು, ಯಾರ ಮುಖ ನೋಡಿ ಮುಂದಕ್ಕೆ ಹೊರಡುವುದು ಎಂಬುದು ತಿಳಿಯದು. ದಿವಾನರ ಮೇಜಿನ ಮೇಲೆ ಕಾಗದವು ದಿವಾನರಿಗಾಗಿ ಕಾದಿರುವುದು. ಕಿರಿಯವನ ಪಾಲಿಗೆ ಬಂದರೆ ಕಾಯತಕ್ಕವನು ಅವನೇ. ಸರಕಾರದ ನಿಜವಾದ ನಡೆಯನ್ನು ಅರಿಯಬೇಕಾದರೆ ಹೀಗೆ ಕಾದು ಕುಳಿತವರ ಬರೆಹವನ್ನು ಓದಬೇಕು. ಅಂತಹ ಬರೆಹ ಅಪರೂಪ.

ಆ ಅಪರೂಪದ ಬರೆಹಗಳಲ್ಲಿ ಒಂದು, 2009ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಕ್ರಿಸ್ ಮಲ್ಲಿನ್ ಎಂಬುವರ ದಿನಚರಿ. ಅದರ ಹೆಸರು ‘ಎ ವ್ಯೂ ಫ್ರಂ ದಿ ಫುಟ್‌ಹಿಲ್ಸ್’. ‘ತಪ್ಪಲಿನಿಂದ ಕಂಡ ನೋಟ’ ಎಂದು ಕನ್ನಡಿಸಬಹುದು. 1999ರಿಂದ 2005ರವರೆಗಿನ ದಿನಗಳು ಇದರಲ್ಲಿ ಅಡಕವಾಗಿವೆ. ಗ್ರಂಥಕರ್ತರು ಸಾಮಾನ್ಯರಲ್ಲ. 1974ರ ಬರ್ಮಿಂಗ್‌ಹ್ಯಾಂ ಬಾಂಬು ಪ್ರಕರಣದಲ್ಲಿ ಮಾಡದ ತಪ್ಪಿಗೆ ಶಿಕ್ಷೆ ಹೊಂದಿದ್ದ ಆರು ಮಂದಿಯ ಪರವಾಗಿ ವರ್ಷಗಟ್ಟಲೆ ಹೋರಾಡಿದವರು. ಆ ಆರು ಮಂದಿಗೆ 1991ರಲ್ಲಿ ಬಿಡುಗಡೆಯಾಯಿತು. 1987ರಿಂದ 2010ರವರೆಗೆ ಸಂಡರ್‌ಲೆಂಡ್ ಎಂಬ ಬಂದರು ಪಟ್ಟಣದ ಒಂದು ಕ್ಷೇತ್ರಕ್ಕೆ ಪ್ರತಿನಿಧಿಯಾಗಿದ್ದರು. ಒಳಾಡಳಿತ ವಿಷಯಗಳನ್ನು ವಿಚಾರಿಸುವ ಪಾರ್ಲಿಮೆಂಟಿನ ಸಮಿತಿಗೆ ಅಧ್ಯಕ್ಷರಾಗಿ, ಮಂತ್ರಿಗಳನ್ನೂ ಪೊಲೀಸು ಅಧಿಕಾರಿಗಳನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನಿಸುವ ಸ್ಥಾನದಲ್ಲಿದ್ದರು. ಅಂತಹ ಸ್ಥಾನವನ್ನು ಬಿಟ್ಟು, 1999ರ ಜುಲೈಯಲ್ಲಿ ಪರಿಸರ ಮತ್ತು ಸಾರಿಗೆಯ ದೊಡ್ಡ ಇಲಾಖೆಯೊಂದರಲ್ಲಿ ಎಲ್ಲರಿಗಿಂತ ಕಿರಿಯ ಮಂತ್ರಿಯಾದರು. ಬಡ್ತಿ ಬಂದ ದಿನವೇ ಬೆಲೆ ಇಳಿಯಿತು. ಗ್ರಂಥದ ವಿನೋದವೆಲ್ಲ ಹುಟ್ಟುವುದು ಈ ಒಂದು ವಿಪರ್ಯಾಸದಿಂದ.

ಕಿರಿಯ ಮಂತ್ರಿಗೂ ಆಗ ಸರಕಾರದ ಕಾರು ಇತ್ತು. ಮಲ್ಲಿನ್ನರು ಅದನ್ನು ಬೇಡವೆಂದರು. ಬಸ್ಸಿನಲ್ಲಿ ಓಡಾಡುವುದು ಅವರಿಗೆ ಅಭ್ಯಾಸ. ಇಷ್ಟು ಸಣ್ಣ ಸಂಗತಿ ಸರಕಾರಕ್ಕೆ ತೊಡಕಾಯಿತು. ಮಂತ್ರಿ ಬಸ್ಸಿನಲ್ಲಿ ಹೋಗಬಹುದಾದರೂ ಅವರು ರಾತ್ರಿ ಓದಬೇಕಾದ ಕಾಗದಪತ್ರಗಳ ಕೆಂಪು ಪೆಟ್ಟಿಗೆ ಹಾಗೆ ಹೋಗುವಂತಿಲ್ಲ. ಕಾರನ್ನು ಬಿಟ್ಟವರಿಗೂ ಕಾರಿನ ಲೆಕ್ಕ ತಪ್ಪುವುದಿಲ್ಲ. ಮಿತವ್ಯಯವನ್ನು ಬಯಸಿದ ಮಂತ್ರಿಯೊಬ್ಬನಿಗೆ ಮಿತವ್ಯಯ ಮಾಡಲು ಅವಕಾಶವಿಲ್ಲವೆಂಬುದನ್ನು ಸರಕಾರವು ಎಷ್ಟು ವಿನಯದಿಂದ, ಎಷ್ಟು ತಾಳ್ಮೆಯಿಂದ, ಎಷ್ಟು ಸಲ ತಿಳಿಸಬಲ್ಲದು ಎಂಬುದನ್ನು ಈ ದಿನಚರಿಯಲ್ಲಿ ನೋಡಬೇಕು. ಅಧಿಕಾರಿಗಳು ಯಾರೂ ಕೆಟ್ಟವರಲ್ಲ. ಯಾರೂ ಸುಳ್ಳು ಹೇಳುವುದಿಲ್ಲ. ಎಲ್ಲರೂ ನಿಯಮವನ್ನೇ ಪಾಲಿಸುತ್ತಾರೆ. ದುಷ್ಟರಿಲ್ಲದ ಕಡೆಯಲ್ಲಿ ಹಾಸ್ಯವನ್ನು ಹುಟ್ಟಿಸುವುದು ಬಲ್ಲವರ ಕೆಲಸ. ಗ್ರಂಥಕರ್ತರ ಬಾಳು ಬರೆಹಕ್ಕೆ ದೂರವಲ್ಲವೆಂಬುದಕ್ಕೆ ಬೇರೊಂದು ಸಾಕ್ಷಿಯೂ ಸಿಕ್ಕಿತು: 2009ರಲ್ಲಿಯೇ ಪಾರ್ಲಿಮೆಂಟು ಸದಸ್ಯರು ಪಡೆದ ಭತ್ಯಗಳ ಪಟ್ಟಿ ಬಯಲಾಗಿ ಊರೆಲ್ಲ ಗದ್ದಲವೆದ್ದಾಗ, ಮಲ್ಲಿನ್ನರ ಮನೆಯಲ್ಲಿದ್ದುದು ಕಪ್ಪುಬಿಳುಪಿನ ಟೆಲಿವಿಷನ್ನು ಎಂಬ ಸಂಗತಿ ಹೊರಬಿದ್ದಿತು.

ಕಿರಿಯನ ಪಾಲಿಗೆ ಬೀಳುವ ಕೆಲಸಗಳು ಹಿರಿಯರು ಬೇಡವೆಂದವು. ಅವುಗಳಲ್ಲಿ ಬೇಲಿಯ ವಿಷಯವೂ ಒಂದು. ಇಂಗ್ಲೆಂಡಿನಲ್ಲಿ ಲೇಲ್ಯಾಂಡಿ ಎಂಬ ಬಹು ಬೇಗ ಬೆಳೆಯುವ ಮರವನ್ನು ಮನೆಗಳ ನಡುವೆ ಬೇಲಿಯಾಗಿ ನೆಡುತ್ತಾರೆ. ಅದು ಮುಗಿಲಿಗೆ ಬೆಳೆದು ನೆರೆಮನೆಯ ಬೆಳಕನ್ನು ಮರೆಮಾಡುವುದು, ನೆರೆಯವರು ಜಗಳವಾಡುವರು, ಜಗಳ ಮಂತ್ರಿಯವರೆಗೂ ಬರುವುದು. ತಿರುಮಕೂಡಲಿನ ಗದ್ದೆಬಯಲಿನಲ್ಲಾಗಲಿ ನಂಜನಗೂಡಿನ ಹೊಲಗಳಲ್ಲಾಗಲಿ ಬದುವಿನ ವ್ಯಾಜ್ಯವನ್ನು ಕಂಡವರಿಗೆ ಇದು ಪರದೇಶದ ಕಥೆಯೆನಿಸದು. ಬೇಲಿ ಎದ್ದು ಹೊಲ ಮೇಯುವ ಗಾದೆ ಇಲ್ಲಿಯದಾದರೆ, ಬೇಲಿ ಎದ್ದು ಸರಕಾರದ ಹೊತ್ತನ್ನು ಮೇಯ್ದ ಕಥೆ ಅಲ್ಲಿಯದು. ಪರಿಹಾರ ಯಾವುದೆಂದು ಎಲ್ಲರಿಗೂ ಗೊತ್ತು. ಮಾಡಬಾರದೆನ್ನುವವರು ಯಾರೂ ಇಲ್ಲ. ಆದರೂ ಪಾರ್ಲಿಮೆಂಟಿನ ಕಾಲಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕದು. ಕೊನೆಗೆ ಆ ನಿಯಮವು 2003ರಲ್ಲಿ ಸಮಾಜಕಂಟಕ ವರ್ತನೆಯನ್ನು ತಡೆಯುವ ಬೇರೊಂದು ಕಾನೂನಿನ ಬಾಲವಾಗಿ ಬಂದು, 2005ರ ಜೂನಿನಲ್ಲಿ ಜಾರಿಯಾಯಿತು. ಅದಕ್ಕೆ ಒಂದು ತಿಂಗಳ ಮುಂಚೆ, ಮೇ ತಿಂಗಳಿನಲ್ಲಿ, ಚುನಾವಣೆಯಾದ ಕೂಡಲೆ ಮಲ್ಲಿನ್ನರನ್ನು ಮಂತ್ರಿಪದವಿಯಿಂದ ಬಿಡಿಸಲಾಗಿತ್ತು.

ಆತ್ಮಕಥೆಗೂ ದಿನಚರಿಗೂ ಇರುವ ಭೇದ ಇಲ್ಲಿ ಚೆನ್ನಾಗಿ ಗೋಚರಿಸುವುದು. ಆತ್ಮಕಥೆಯನ್ನು ಬರೆಯತಕ್ಕವನಿಗೆ ಕಥೆಯ ಕೊನೆ ಗೊತ್ತಿರುವುದರಿಂದ ಮೊದಲ ಪುಟದಿಂದಲೇ ಅವನು ತನ್ನನ್ನು ಆ ಕೊನೆಗೆ ಒಪ್ಪುವಂತೆ ಸಿಂಗರಿಸಿಕೊಳ್ಳುವನು. ದಿನಚರಿಕಾರನಿಗೆ ನಾಳೆಯೆಂಬುದೇ ಗೊತ್ತಿಲ್ಲ. ಇಂದು ತನಗೆ ಮೇಲಿನವರ ಕೃಪೆಯಿದೆಯೆಂದು ಹಿಗ್ಗುವನು. ಆ ಹಿಗ್ಗು ಹುಸಿಯೆಂದು ಓದುಗನಿಗೆ ಹತ್ತು ಪುಟಗಳಾಚೆ ತಿಳಿಯುವುದು. ಮಲ್ಲಿನ್ನರ ಗುಣವೇನೆಂದರೆ, ಅಚ್ಚು ಮಾಡಿಸುವಾಗ ಆ ಹಿಗ್ಗನ್ನು ಅಳಿಸದೆ ಹಾಗೆಯೇ ಬಿಟ್ಟರು. ತಮ್ಮ ಪದವಿಯ ಆಸೆ, ಪದವಿ ಹೋದಾಗಿನ ಮುಖಭಂಗ, ಯಾರೋ ದೊಡ್ಡವರು ಹೆಸರು ಹಿಡಿದು ಮಾತನಾಡಿಸಿದರೆಂಬ ಸಂತೋಷ ಇವನ್ನು ಮರೆಮಾಚಿಲ್ಲ. ಇತರರನ್ನು ನಗುವುದಕ್ಕೆ ಮುಂಚೆ ತನ್ನನ್ನು ನಗುವ ಈ ಕ್ರಮದಿಂದ ಗ್ರಂಥಕ್ಕೆ ವಿಶ್ವಾಸಾರ್ಹತೆ ಬಂದಿದೆ. ಶೈಲಿ ಸರಳ, ವಾಕ್ಯಗಳು ಮೊಟಕು. ದಿನದಿನದ ಸಭೆಗಳ ವಿವರ ಅಲ್ಲಲ್ಲಿ ಬೇಸರ ತರುವುದುಂಟು. ಆ ಬೇಸರವೂ ವಿಷಯಕ್ಕೆ ಸೇರಿದ್ದೇ ಎಂದು ಯಾರಾದರೂ ವಾದಿಸಿದರೆ ಅಲ್ಲಗಳೆಯುವುದು ಕಷ್ಟ.

ಆದರೆ ಗ್ರಂಥದ ನಗೆಗೆ ನಿಜವಾದ ಪರೀಕ್ಷೆ ಬರುವುದು ಬೇರೊಂದು ಕಡೆ. 2001ರ ಚುನಾವಣೆಯ ಬಳಿಕ ಮಲ್ಲಿನ್ನರು ಅಧಿಕಾರದಿಂದ ಹೊರಬಂದು ತಮ್ಮ ಹಳೆಯ ಸಮಿತಿಗೇ ಅಧ್ಯಕ್ಷರಾದರು. 2003ರ ಮಾರ್ಚಿಯಲ್ಲಿ ಇರಾಕಿನ ಮೇಲೆ ಯುದ್ಧ ಹೂಡುವ ಪ್ರಶ್ನೆ ಬಂದಾಗ ತಮ್ಮ ಪಕ್ಷದ ಸರಕಾರಕ್ಕೆ ವಿರೋಧವಾಗಿಯೇ ಮತವಿತ್ತರು. ಅದೇ ವರ್ಷದ ಜೂನಿನಲ್ಲಿ ಅದೇ ಸರಕಾರದ ವಿದೇಶಾಂಗ ಇಲಾಖೆಯಲ್ಲಿ, ಆಫ್ರಿಕ ಖಂಡದ ವ್ಯವಹಾರಗಳಿಗೆ ಕಿರಿಯ ಮಂತ್ರಿಯಾದರು. ಮೂರು ತಿಂಗಳ ಅಂತರ! ಒಳಗೆ ಹೋದರೆ ಒಂದಿಷ್ಟು ಒಳ್ಳೆಯದನ್ನು ಮಾಡಬಹುದೆಂಬ ನಂಬಿಕೆ ಇದರಲ್ಲಿ ಉಂಟು. ಆಫ್ರಿಕದ ವಿಷಯದಲ್ಲಿ ಅವರಿಗಿದ್ದ ಆಸ್ಥೆಯನ್ನು ಶಂಕಿಸಲು ಕಾರಣವೂ ಇಲ್ಲ. ಆದರೂ ಬೇಲಿಯ ವಿಷಯದಲ್ಲಿ, ಕಾರಿನ ವಿಷಯದಲ್ಲಿ ತನ್ನನ್ನು ತಾನೇ ಅಷ್ಟು ನಿಶಿತವಾಗಿ ಕೆಣಕಿಕೊಳ್ಳಬಲ್ಲ ಲೇಖಕರು ಈ ಮೂರು ತಿಂಗಳ ವಿಷಯದಲ್ಲಿ ಅಷ್ಟು ನಿಶಿತರಾಗಿಲ್ಲ. ತಾನು ಕಿರಿಯವನು, ತನ್ನಿಂದ ಏನಾದೀತು ಎಂಬ ಮಾತು ಸಣ್ಣ ಸಂಗತಿಗಳಲ್ಲಿ ವಿನಯ. ದೊಡ್ಡ ಸಂಗತಿಗಳಲ್ಲಿ ಅದೇ ಮಾತು ಆಶ್ರಯವಾಗಿಬಿಡಬಹುದು. ಗ್ರಂಥವನ್ನು ಹೊಗಳಿದವರು ಈ ಎರಡನ್ನೂ ಬೇರ್ಪಡಿಸಿ ನೋಡಿದಂತೆ ತೋರದು.

ಇನ್ನು ಇಂತಹ ಗ್ರಂಥವು ಕನ್ನಡದಲ್ಲಿ ಏಕೆ ಹುಟ್ಟಲಿಲ್ಲವೆಂಬ ಪ್ರಶ್ನೆ. ತಪ್ಪಲಿನಲ್ಲಿ ನಿಂತವರಿಗೆ ಇಲ್ಲಿ ಕೊರತೆಯಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರು ಪ್ರಜಾಪ್ರತಿನಿಧಿ ಸಭೆಯು ಮೊದಲಬಾರಿಗೆ ಸೇರಿದಾಗ 144 ಮಂದಿ ಸದಸ್ಯರಿದ್ದರು. ಆ ಸಭೆಗೆ ಮೊದಮೊದಲು ಯಾವ ಅಧಿಕಾರವೂ ಇರಲಿಲ್ಲ. ದಿವಾನರು ವರ್ಷದ ವರದಿಯನ್ನು ಓದುವರು. ತಾಲ್ಲೂಕುಗಳಿಂದ ಬಂದವರು ಕೇಳುವರು. ಅನಂತರ ಇವರು ಅಹವಾಲುಗಳನ್ನು ಹೇಳುವರು, ಅವರು ಕೇಳುವರು. 1923ರ ಕಾನೂನಿನಿಂದ ಸಭೆಗೆ ಶಾಸನದ ಬಲ ಬಂದಿತು. 1949ರ ಕೊನೆಯಲ್ಲಿ ಅದು ವಿಸರ್ಜನೆಗೊಂಡಿತು. ಈ ಅರುವತ್ತೆಂಟು ವರ್ಷಗಳಲ್ಲಿ ದಸರೆಯ ಹೊತ್ತಿಗೆ ಕೆರೆಯ ತೂಬು, ನಾಲೆಯ ನೀರು, ರಸ್ತೆ, ಕಂದಾಯದ ವಜಾ ಇವೇ ಮೊದಲಾದ ಅಹವಾಲುಗಳನ್ನು ಕಟ್ಟಿಕೊಂಡು ಎಷ್ಟು ಮಂದಿ ರುಮಾಲು ಸುತ್ತಿ ಮೈಸೂರಿಗೆ ಬಂದಿರಬಹುದು! 1891ರಲ್ಲಿ ರೈಲು ಬಂದ ಮೇಲೆ ನಂಜನಗೂಡಿನವರಿಗೆ ಪ್ರಯಾಣ ಸುಲಭವಾಯಿತು. ತಿರುಮಕೂಡಲಿನವರಿಗೆ ಗಾಡಿಯೇ ಗತಿ. ಸಭೆಯ ನಡವಳಿಕೆಗಳು ಅಚ್ಚಾಗಿವೆ. ಆದರೆ ಅದು ಸರಕಾರದವರು ಬರೆದು ಸರಕಾರವು ಅಚ್ಚು ಹಾಕಿಸಿದ ಪುಸ್ತಕ. ಅಲ್ಲಿ ಪ್ರತಿನಿಧಿಯ ಅಹವಾಲು ಉಂಟು, ಪ್ರತಿನಿಧಿಯಿಲ್ಲ. ಸಭೆ ಮುಗಿಸಿ ಬಿಡಾರಕ್ಕೆ ಹಿಂದಿರುಗಿದವನು ರಾತ್ರಿ ತನ್ನ ಜೊತೆಗಾರನೊಡನೆ ಏನೆಂದು ನಕ್ಕನೆಂಬುದನ್ನು ಯಾರೂ ಬರೆದಿಡಲಿಲ್ಲ.

ಕನ್ನಡದಲ್ಲಿ ಸರಕಾರದ ಒಳಗಿನ ನಗೆ ಇಲ್ಲವೆಂದಲ್ಲ. ಇದೆ, ಅದು ಅಧಿಕಾರಿಯ ನಗೆ. ರಾಜಾಜಿಯವರ ಬಾಳಿನುದ್ದದ ಗೆಳೆಯರೂ ಮೈಸೂರು ಸಂಸ್ಥಾನದ ಅಮಲ್ದಾರರೂ ಆಗಿದ್ದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಈ ಬಗೆಯ ಬರೆಹಗಳಲ್ಲಿ ಮೇಲಾದುದು. ತಾಲ್ಲೂಕು ಕಚೇರಿ, ಪಟೇಲ, ಶಾನುಭೋಗ, ಸವಾರಿ, ಮೊಕ್ಕಾಂ ಇವುಗಳೆಲ್ಲ ಅದರಲ್ಲಿ ಜೀವದಿಂದ ಓಡಾಡುತ್ತವೆ. ರೈತನ ಜಾಣತನವನ್ನು ಕಂಡು ಸಂತೋಷಪಡುವ ಅಮಲ್ದಾರನೊಬ್ಬನು ಅದರ ಪುಟಗಳಲ್ಲಿ ಕಾಣುತ್ತಾನೆ. ಮಾಸ್ತಿಯವರು 1914ರಲ್ಲಿ ಸಿವಿಲ್ ಸರ್ವಿಸಿಗೆ ಸೇರಿ, ಹಿರಿಯ ಪದವಿಯು ತಮ್ಮನ್ನು ದಾಟಿ ಕಿರಿಯರಿಗೆ ಹೋದುದರಿಂದ ಹೊರಬಂದರು. ಆದರೆ ಆ ನೋವಿನಿಂದ ಅವರ ಕಥೆಗಳ ಬಾಯಿ ಕಹಿಯಾಗಲಿಲ್ಲ. ಡಿ. ವಿ. ಗುಂಡಪ್ಪನವರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದು ಸರಕಾರವನ್ನು ಹತ್ತಿರದಿಂದ ಕಂಡವರು. ಅವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರ ಚಿತ್ರಗಳಿಗೆ ಒಂದು ಸಂಪುಟವೇ ಮೀಸಲಾಗಿದೆ, ಆದರೆ ಚಿತ್ರಗಾರರು ಇತರರನ್ನು ಬೆಳಕಿಗೆ ತಂದು ತಾವು ನೆರಳಿನಲ್ಲಿ ನಿಂತರು. ಹಳ್ಳಿಯ ಹಾಸ್ಯಕ್ಕೆ ಹೆಸರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಕೆಲಕಾಲ ವಿಧಾನ ಪರಿಷತ್ತಿನಲ್ಲಿದ್ದರು. ಅವರ ಹೆಸರು ಉಳಿದಿರುವುದು ಹೇಮಾವತಿಯ ದಂಡೆಯ ರಸಿಕರಿಂದಲೇ ಹೊರತು ಪರಿಷತ್ತಿನ ರಸಿಕರಿಂದಲ್ಲ. ಇನ್ನು 1942ರಲ್ಲಿ ರಾಶಿಯವರು ಹೊರಡಿಸಿದ ‘ಕೊರವಂಜಿ’, ಮೈಸೂರಿನ ವಿದ್ಯಾರ್ಥಿ ಆರ್. ಕೆ. ಲಕ್ಷ್ಮಣರ ರೇಖೆಗಳೊಡನೆ, ಮಂತ್ರಿಗಳನ್ನು ಮನಸಾರ ನಕ್ಕಿತು. ಆದರೆ ಅದು ಕಿಟಕಿಯ ಹೊರಗೆ ನಿಂತವರ ನಗೆ.

ಅಧಿಕಾರಿಯ ನಗೆಗೂ ಚುನಾಯಿತನ ನಗೆಗೂ ವ್ಯತ್ಯಾಸವಿದೆ. ಅಮಲ್ದಾರನಿಗೆ ಎರಡು ಮೂರು ವರ್ಷಕ್ಕೆ ವರ್ಗವಾಗುವುದು, ಈ ತಾಲ್ಲೂಕಿನ ಕಥೆಯನ್ನು ಮುಂದಿನ ತಾಲ್ಲೂಕಿನಲ್ಲಿ ಹೇಳಿ ನಗಬಹುದು, ಕೊನೆಗೆ ಪಿಂಚಣಿಯುಂಟು. ಚುನಾಯಿತನಿಗೆ ವರ್ಗವಿಲ್ಲ. ಯಾರ ಅರ್ಜಿ ಕಾಗದದ ರಾಶಿಯಲ್ಲಿ ಸಿಕ್ಕಿಹಾಕಿಕೊಂಡಿತೋ ಅವರ ಮನೆಯ ಮುಂದೆಯೇ ಅವನು ಮತ್ತೆ ಕೈಮುಗಿದು ನಿಲ್ಲಬೇಕು. ಅಧಿಕಾರವಿಲ್ಲದಿದ್ದರೂ ಹೊಣೆಯುಂಟು. ಈ ಇಕ್ಕಟ್ಟಿನಿಂದ ನೋಡಿದ ಸರಕಾರವು ಕನ್ನಡದ ಓದುಗನಿಗೆ ಈವರೆಗೆ ಪುಸ್ತಕದಲ್ಲಿ ದೊರೆತದ್ದು ಬಹಳ ಕಡಿಮೆ. ರಾಜಕಾರಣಿಗಳ ಆತ್ಮಕಥೆಗಳು ಉಂಟಷ್ಟೆ. ಕಡಿದಾಳ್ ಮಂಜಪ್ಪನವರ ‘ನನಸಾಗದ ಕನಸು’ ಅವುಗಳಲ್ಲಿ ಗೌರವಕ್ಕೆ ಪಾತ್ರವಾದುದು. ಆದರೆ ಹೆಸರೇ ಹೇಳುವಂತೆ ಅದರ ಸ್ಥಾಯಿಭಾವ ನಗೆಯಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಮಲ್ಲಿನ್ನರು ಲಂಡನ್ನಿನಲ್ಲಿ ಕಿರಿಯ ಮಂತ್ರಿಯಾದ 1999ರಲ್ಲಿಯೇ, ನಂಜನಗೂಡು ತಿರುಮಕೂಡಲುಗಳು ಸೇರಿದ ಚಾಮರಾಜನಗರ ಲೋಕಸಭಾ ಕ್ಷೇತ್ರದಿಂದ ಗೆದ್ದ ವಿ. ಶ್ರೀನಿವಾಸ ಪ್ರಸಾದರು ದೆಹಲಿಯಲ್ಲಿ ಆಹಾರ ಮತ್ತು ಪಡಿತರದ ಇಲಾಖೆಗೆ ಕಿರಿಯ ಮಂತ್ರಿಯಾದರು. 2004ರವರೆಗೆ ಆ ಸ್ಥಾನದಲ್ಲಿದ್ದರು. ಕಿರಿಯ ಮಂತ್ರಿಗೆ ಅಲ್ಲಿಯ ಹೆಸರು ‘ರಾಜ್ಯ ಸಚಿವ’. ಕನ್ನಡದಲ್ಲಿ ಕೇಳಿದವರು ಬೆಂಗಳೂರಿನ ಮಂತ್ರಿಯೆಂದು ತಿಳಿಯುವ ಅಪಾಯವುಂಟು. ಆ ಪದವಿಯವರಿಗೆ ಯಾವ ಕಡತವೆಂಬುದು ಹಿರಿಯ ಸಚಿವರು ಹಂಚಿಕೊಟ್ಟಷ್ಟೇ ಎಂಬುದು ದೆಹಲಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಮುಂದೆ ಪ್ರಸಾದರು 2013ರಲ್ಲಿ ನಂಜನಗೂಡಿನ ಶಾಸಕರಾಗಿ ರಾಜ್ಯದ ಕಂದಾಯ ಮಂತ್ರಿಗಳಾದರು. 2016ರ ಜೂನಿನಲ್ಲಿ ಅವರನ್ನು ಮಂತ್ರಿಮಂಡಲದಿಂದ ಕೈಬಿಡಲಾಯಿತು. ಮಲ್ಲಿನ್ನರು ಪದವಿ ಹೋದ ದಿನ ದಿನಚರಿ ಬರೆದರು. ಪ್ರಸಾದರು ಶಾಸಕತ್ವಕ್ಕೇ ರಾಜೀನಾಮೆ ಕೊಟ್ಟು, ಪಕ್ಷವನ್ನು ಬಿಟ್ಟು, 2017ರ ಏಪ್ರಿಲಿನಲ್ಲಿ ನಂಜನಗೂಡಿನಲ್ಲಿ ಉಪಚುನಾವಣೆಗೆ ನಿಂತರು. ಅವರು ಮುಂದಿಟ್ಟ ಮಾತು ಸ್ವಾಭಿಮಾನ. ಆ ಚುನಾವಣೆಯಲ್ಲಿ ಅವರಿಗೆ ಸೋಲಾಯಿತು. 2019ರಲ್ಲಿ ಮತ್ತೆ ಲೋಕಸಭೆಗೆ ಗೆದ್ದರು. 2024ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ರಾಜಕೀಯದ ಗುಣಾಗುಣಗಳನ್ನು ತೂಗುವುದು ಈ ಲೇಖನದ ವಿಷಯವಲ್ಲ. ಒಂದೇ ಬಗೆಯ ಅವಮಾನಕ್ಕೆ ಒಂದು ಕಡೆ ನಗೆಯೂ ಮತ್ತೊಂದು ಕಡೆ ಸ್ವಾಭಿಮಾನವೂ ಉತ್ತರವಾಗಿ ಬಂದುದೇಕೆಂಬುದು ವಿಮರ್ಶೆಗೆ ಸೇರಿದ ಪ್ರಶ್ನೆ.

ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ತನ್ನ ಅಲ್ಪತೆಯನ್ನು ತಾನೇ ನಗಬಲ್ಲವನು ತನ್ನ ಸ್ಥಾನದ ವಿಷಯದಲ್ಲಿ ನಿಶ್ಚಿಂತನಾಗಿರಬೇಕು. ಕಾರನ್ನು ಬೇಡವೆಂದು ಬಸ್ಸು ಹತ್ತಿದ ಇಂಗ್ಲಿಷ್ ಮಂತ್ರಿಯನ್ನು ನೋಡಿ ಯಾರೂ ಅವನ ಜಾಗ ಬಸ್ಸೇ ಎಂದು ಹೇಳಲಾರರು. ತಲೆತಲಾಂತರದಿಂದ ಊರ ಹೊರಗೆ ಇಡಲ್ಪಟ್ಟ ಜನರ ಪರವಾಗಿ ಸಭೆಗೆ ಹೋದವನ ಸ್ಥಿತಿ ಹಾಗಲ್ಲ. ನಂಜನಗೂಡೂ ತಿರುಮಕೂಡಲು ನರಸೀಪುರವೂ ಪರಿಶಿಷ್ಟ ಜಾತಿಯವರಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಂತಹ ಕ್ಷೇತ್ರದ ಪ್ರತಿನಿಧಿಗೆ ಕೊಟ್ಟ ಕುರ್ಚಿ ಸಣ್ಣದಾದರೆ ಸಣ್ಣದಾದುದು ಅವನೊಬ್ಬನ ಕುರ್ಚಿಯಲ್ಲವೆಂದು ಅವನ ಜನ ತಿಳಿಯುವರು. ಹಾಗೆ ತಿಳಿಯಲು ಅವರಿಗೆ ಕಾರಣಗಳೂ ಉಂಟು. ಡಾ. ಅಂಬೇಡ್ಕರರು 1951ರಲ್ಲಿ ಕಾನೂನು ಮಂತ್ರಿಪದವಿಯನ್ನು ಬಿಟ್ಟಾಗ ಕೊಟ್ಟ ಹೇಳಿಕೆಯಲ್ಲಿ, ತಮಗೆ ಆಡಳಿತದ ಭಾರವುಳ್ಳ ಬೇರೆ ಇಲಾಖೆ ದೊರೆಯಲಿಲ್ಲವೆಂಬುದನ್ನೂ ಒಂದು ಕಾರಣವಾಗಿ ಹೇಳಿದ್ದರು. ಅಷ್ಟು ದೊಡ್ಡವರಿಗೂ ಅದು ನಗುವ ವಿಷಯವಾಗಿರಲಿಲ್ಲ. ಆದುದರಿಂದ ಇಂಗ್ಲಿಷರ ನಗೆಯನ್ನು ಅಳತೆಗೋಲಾಗಿ ಹಿಡಿದು ಕನ್ನಡದ ರಾಜಕಾರಣಿಗೆ ರಸಿಕತೆ ಸಾಲದೆಂದು ತೀರ್ಮಾನಿಸುವುದು ಅವಸರದ ಮಾತಾದೀತು.

ಈ ವಾದ ಬಲವಾದುದು, ಆದರೆ ಪೂರ್ಣವಾದುದಲ್ಲ. ಇದಕ್ಕೆ ಎದುರುತ್ತರ ನಂಜನಗೂಡು ತಾಲ್ಲೂಕಿನಿಂದಲೇ ಬಂದಿದೆ. ದೇವನೂರು ಮಹಾದೇವರು ಆ ತಾಲ್ಲೂಕಿನ ದೇವನೂರಿನವರು; ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಅವರ ‘ಒಡಲಾಳ’ವು ಅದಕ್ಕಿಂತ ಹಿಂದಿನದು, ಗಾತ್ರದಲ್ಲಿ ಚಿಕ್ಕದು. ಅದರಲ್ಲಿ ಸಾಕವ್ವನೆಂಬ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಸಾಹುಕಾರನ ಕಡಲೆಕಾಯಿ ಅವಳ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ರಾತ್ರಿಯಿಡೀ ಕುಳಿತು ಸಿಪ್ಪೆಯೂ ಉಳಿಯದಂತೆ ತಿಂದು ಮುಗಿಸುತ್ತಾರೆ. ಅನಂತರ ಪೊಲೀಸರು ಬಂದು ಮನೆಯನ್ನು ಶೋಧಿಸುತ್ತಾರೆ. ಸಾಹುಕಾರನ ಕಡಲೆಕಾಯಿಗೆ ಇಷ್ಟು ಬೇಗ ಸರಕಾರ ಓಡಿಬರುವುದು. ಸಾಕವ್ವನ ಹುಂಜಕ್ಕೆ ಯಾವ ಕಡತವೂ ತೆರೆಯುವುದಿಲ್ಲ. ಇಷ್ಟನ್ನು ಲೇಖಕರು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಹಸಿವು, ಹೆದರಿಕೆ, ನಗು ಮೂರೂ ಒಂದೇ ಒಲೆಯ ಸುತ್ತ ಕೂತಿರುವಂತೆ ಚಿತ್ರಿಸುತ್ತಾರೆ. ಯಾವ ಸ್ಥಾನವೂ ಇಲ್ಲದವರು, ಕಳೆದುಕೊಳ್ಳಲು ಮರ್ಯಾದೆಯನ್ನೂ ಸಮಾಜವು ಉಳಿಸದವರು, ಸರಕಾರವನ್ನು ಕಂಡು ನಗಬಲ್ಲರೆಂಬುದನ್ನು ಈ ಕೃತಿ ತೋರಿಸಿಕೊಟ್ಟಿದೆ. ನಗೆ ನಿಶ್ಚಿಂತರ ಸೊತ್ತೆಂಬ ಮಾತಿಗೆ ಇದಕ್ಕಿಂತ ಬಲವಾದ ಖಂಡನೆ ಬೇಕಿಲ್ಲ. ಮಲ್ಲಿನ್ನರ ಗ್ರಂಥವನ್ನು ಒಂದು ಕೈಯಲ್ಲಿಯೂ ‘ಒಡಲಾಳ’ವನ್ನು ಮತ್ತೊಂದು ಕೈಯಲ್ಲಿಯೂ ಇಟ್ಟುಕೊಂಡು ನೋಡಿದರೆ ಒಂದರಲ್ಲಿ ಸರಕಾರದ ಒಳಗಿರುವ ಕೊನೆಯವನೂ ಮತ್ತೊಂದರಲ್ಲಿ ಸರಕಾರದ ಹೊರಗಿರುವ ಕೊನೆಯವಳೂ ಇದ್ದಾರೆ. ಎರಡರ ನಡುವೆ ಅರ್ಜಿ ಹಿಡಿದು ಓಡಾಡುವವನ ಪುಸ್ತಕದ ಜಾಗ ಬರಿದಾಗಿದೆ.

ಅವನಿಗೆ ಸಾಮಗ್ರಿಯ ಬಡತನವಿಲ್ಲ. ಶಂಕುಸ್ಥಾಪನೆಯ ಆಹ್ವಾನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಬಿಟ್ಟುಹೋಯಿತು ಎಂಬ ಒಂದೇ ವಿಷಯದಿಂದ ಅಧ್ಯಾಯವೊಂದು ಏಳಬಹುದು. ಶಿಷ್ಟಾಚಾರವೆಂಬ ಪದ ಇದಕ್ಕಾಗಿಯೇ ಕಚೇರಿಗಳಲ್ಲಿ ಹೊಸ ಅರ್ಥವನ್ನು ಪಡೆದಿದೆ. ಕಾಮಗಾರಿ ಮುಗಿಯುವುದಕ್ಕೆ ಮುಂಚೆ ಅಡಿಗಲ್ಲು ಮಾಸಿಹೋಗುವುದುಂಟು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರಿನ ಮಿಣಿ ಮುಟ್ಟುವ ಕ್ರಮ, ತಿರುಮಕೂಡಲಿನಲ್ಲಿ 1989ರಿಂದ ಆರಂಭವಾದ ಕುಂಭಮೇಳದ ಸಿದ್ಧತೆಯ ಸಭೆಗಳು, ನಾಲೆಯ ಕೊನೆಯ ಊರಿಗೆ ನೀರು ಮುಟ್ಟಲಿಲ್ಲವೆಂಬ ದೂರು, ವರ್ಗಾವಣೆಯ ಶಿಫಾರಸಿಗೆ ಬೆಳಗಾಗುವ ಮುಂಚೆ ಬಾಗಿಲಿಗೆ ಬರುವ ಉಪಾಧ್ಯಾಯರು — ಇವರನ್ನು ಒಳಗೆ ಕರೆದು ಕಾಫಿ ಕೊಡುವ ಮನೆಯಾಕೆಯ ಕಡೆಯಿಂದ ನೋಡಿದರಂತೂ ವಿಷಯ ಇನ್ನೂ ಸ್ವಾರಸ್ಯವಾದೀತು. 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆಯಿಂದೀಚೆಗೆ ಇಂತಹ ಅನುಭವವುಳ್ಳವರು ಊರೂರಿನಲ್ಲಿಯೂ ಇದ್ದಾರೆ. ಆ ವ್ಯವಸ್ಥೆಯನ್ನು ತಂದವರಲ್ಲಿ ಮುಖ್ಯರಾದ ಅಬ್ದುಲ್ ನಜೀರ್ ಸಾಬರು ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಗುಂಡ್ಲುಪೇಟೆಯವರು. ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿದ ಅವರನ್ನು ಜನ ‘ನೀರು ಸಾಬ್’ ಎಂದು ಕರೆದರು. ಪಂಡಿತರು ಬರೆಯದ ಜೀವನಚರಿತ್ರೆಯನ್ನು ಜನ ಎರಡು ಪದಗಳಲ್ಲಿ ಬರೆದು ಮುಗಿಸಿದ್ದರು.

ಭಾಷೆಯ ತೊಡಕೂ ಒಂದು ಉಂಟು. ಸರಕಾರದ ಕಾಗದವು ಬಹುಕಾಲ ಇಂಗ್ಲಿಷಿನಲ್ಲಿಯೇ ನಡೆಯಿತು. ರಾಜ್ಯಭಾಷೆಯ ಕಾನೂನು 1963ರಲ್ಲಿ ಬಂದರೂ ಕಡತದ ಮಾತಿಗೂ ಮನೆಯ ಮಾತಿಗೂ ನಂಟು ಬೆಳೆಯಲು ಕಾಲ ಹಿಡಿಯಿತು. ಅಧಿಕಾರಿಯೊಬ್ಬನು ನಯವಾಗಿ ‘ಆಗದು’ ಎಂದು ಹೇಳುವ ನೂರು ಬಗೆಗಳನ್ನು ಮಲ್ಲಿನ್ನರು ತಾವು ಹುಟ್ಟಿದ ಭಾಷೆಯಲ್ಲಿಯೇ ಕೇಳಿದರು. ಅವುಗಳ ಒಳಸುಳಿ ಅವರ ಕಿವಿಗೆ ಕೂಡಲೆ ನಿಲುಕಿತು. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಕನ್ನಡಕ್ಕೆ ಕಿವಿಗೊಟ್ಟು, ಅದರಲ್ಲಿ ಕರ್ತೃಪದ ಏಕಿಲ್ಲವೆಂದು ಕೇಳುವ ಬರೆಹಗಾರನು ಮೊದಲು ಹುಟ್ಟಬೇಕು.

ಈ ದಿನಚರಿಯನ್ನು ಯಾರಾದರೂ ಕನ್ನಡಿಸಲು ತೊಡಗಿದರೆ ಕಷ್ಟ ಬರುವುದು ಪಾರ್ಲಿಮೆಂಟಿನ ಪರಿಭಾಷೆಯಿಂದಲ್ಲ. ಅದಕ್ಕೆ ಪದಗಳನ್ನು ಹೊಂದಿಸಬಹುದು. ಕಷ್ಟ ಬರುವುದು ನಗೆಯ ಮಟ್ಟವನ್ನು ಕಾಯ್ದುಕೊಳ್ಳುವುದರಲ್ಲಿ. ಹಾಸ್ಯವೆಂದು ಅನುವಾದಿಸಿದರೆ ಮಲ್ಲಿನ್ನರು ವಿದೂಷಕರಾಗುವರು, ವ್ಯಂಗ್ಯವೆಂದರೆ ಹೊಟ್ಟೆಕಿಚ್ಚಿನವರಾಗುವರು, ಕೊಂಕು ಎಂದರೆ ಮೂಲದ ದಯೆ ಮಾಯವಾಗುವುದು. ಮೈಸೂರು ಕಡೆಯ ಹಳಬರು ಮಾತಿನ ನಡುವೆ ತುಟಿ ಅರಳಿಸದೆ ಕಣ್ಣಿನಲ್ಲಿ ಮಾತ್ರ ನಗುವ ಬಗೆಯೊಂದುಂಟು. ಅನುವಾದಕನು ಆ ಧಾಟಿಯನ್ನು ಹಿಡಿಯಬೇಕಾದೀತು. ಹೆಸರಿನ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಒಂದು ಲಾಭವುಂಟು: ತಪ್ಪಲು ಎಂದರೆ ಬೆಟ್ಟದ ಬುಡವೂ ಹೌದು, ಮೇಯುವ ಆಡಿಗೆ ಹಾಕುವ ಸೊಪ್ಪೂ ಹೌದು.